ದೊಡ್ಡ ಗಾಡಿ ತಗೊಂಡು ಘಾಟಿ ಇಳಿಯೋದು ಹೇಗೆ? ಹಲಸೂರಿನಿಂದ ಮರವಂತೆಗೆ ಒಂದು ಕ್ಯಾರವಾನ್ ಲೆಕ್ಕಾಚಾರ

ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲಿ ನಿಂತಿರೋರಿಗೂ, ಹಳೇ ಮದ್ರಾಸ್ ರಸ್ತೆ ಸಿಗ್ನಲ್‌ನಲ್ಲಿ ಸಿಕ್ಕಿಹಾಕ್ಕೊಂಡಿರೋರಿಗೂ ಸ್ವಾಗತ. ಈ ಸಲದ ವಿಷಯ ಶುರುವಾಗಿದ್ದು ನಮ್ಮ ಮನೆ ವಾಟ್ಸಾಪ್ ಗ್ರೂಪ್‌ನಲ್ಲಿ. ನಮ್ಮ ಅಜ್ಜಿಗೆ ಎಂಬತ್ತು ತುಂಬುತ್ತೆ. ಏನು ಬೇಕು ಅಜ್ಜಿ ಅಂತ ಕೇಳಿದ್ರೆ, "ಸಮುದ್ರ ನೋಡ್ಬೇಕು, ಮರವಂತೆ ಹತ್ರ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ ಇರತ್ತಲ್ಲ, ಅಲ್ಲಿ" ಅಂದ್ರು. ಅಜ್ಜಿಗೆ ತುಂಬಾ ಹೊತ್ತು ಕೂರೋಕಾಗಲ್ಲ, ಗಂಟೆಗೊಮ್ಮೆ ಬಾತ್‌ರೂಮ್ ಬೇಕು. ಹಾಗಾಗಿ ನಮ್ಮ ಚಿಕ್ಕಪ್ಪನ ಮಗ ಒಂದು ಕ್ಯಾರವಾನ್ ಬಾಡಿಗೆಗೆ ನೋಡಿದ. ಮಲಗೋಕೆ ಬೆಡ್, ಒಳಗೇ ಟಾಯ್ಲೆಟ್, ಚಿಕ್ಕ ಅಡುಗೆ ಕಟ್ಟೆ. ಡ್ರೈವರ್ ಅವರೇ ಕೊಡ್ತಾರೆ. ಎಲ್ಲಾ ಚೆನ್ನಾಗಿದೆ. ಆದ್ರೆ ಗಾಡಿ ಉದ್ದ ಒಂಬತ್ತು ಮೀಟರ್, ಎತ್ತರ ಮೂರು ಮೀಟರ್ ನಲವತ್ತು ಸೆಂಟಿಮೀಟರ್, ಎಲ್ಲಾ ತುಂಬಿಸಿದ್ರೆ ತೂಕ ಏಳು ಸಾವಿರದ ನಾನೂರು ಕಿಲೋ.

ಈ ಮೂರು ನಂಬರ್ ನೋಡಿದಾಗ ನನಗೆ ನೆನಪಾಗಿದ್ದು ಬಿಸಿಲೆ ಘಾಟಿ.

ಎರಡು ವರ್ಷದ ಹಿಂದೆ ನಾವು ಹದಿನೆಂಟು ಜನ ಒಂದು ಮಿನಿ ಬಸ್ ಮಾಡ್ಕೊಂಡು ಕುಕ್ಕೆಗೆ ಹೊರಟಿದ್ವಿ. ಸಕಲೇಶಪುರದಲ್ಲಿ ಫೋನ್ ತೆಗೆದು ನೋಡಿದ್ರೆ ಶಿರಾಡಿಯಲ್ಲಿ ಕೆಂಪು ಗೆರೆ, ಜಾಮ್. ಮ್ಯಾಪ್ ಹೇಳ್ತು, ಬಿಸಿಲೆ ಮೇಲೆ ಹೋಗಿ, ಬೇಗ ಆಗತ್ತೆ ಅಂತ. ಮುಂದಿನ ಸೀಟಲ್ಲಿ ಕೂತು ಡ್ರೈವರಣ್ಣನಿಗೆ ದಾರಿ ಹೇಳ್ತಿದ್ದಿದ್ದು ನಾನೇ. ಕಾಡಿನೊಳಗೆ ರಸ್ತೆ ಕಿರಿದಾಗ್ತಾ ಹೋಯ್ತು. ಒಂದು ತಿರುವಿನಲ್ಲಿ ಎದುರಿಗೆ ಒಂದು ಪಿಕಪ್. ಅವನ ಹಿಂದೆ ಎರಡು ಕಾರು. ಎಡಕ್ಕೆ ಪ್ರಪಾತ, ಬಲಕ್ಕೆ ಮಣ್ಣಿನ ಗೋಡೆ. ಹಿಂದೆ ಹೋಗೋಣ ಅಂದ್ರೆ ಕತ್ತಲು, ಮಳೆ. ಕ್ಲೀನರ್ ಹುಡುಗ ಫೋನ್ ಟಾರ್ಚ್ ಹಿಡ್ಕೊಂಡು "ಬರ್ಲಿ ಬರ್ಲಿ, ಸಾಕ್ ಸಾಕ್" ಅಂತ ಕೂಗ್ತಾ, ಸುಮಾರು ಮುನ್ನೂರು ಮೀಟರ್ ರಿವರ್ಸ್ ತಗೊಂಡ್ವಿ. ಅಷ್ಟಕ್ಕೆ ಮುಕ್ಕಾಲು ಗಂಟೆ. ಹಿಂದಿನ ಎಡಗಡೆ ಚಕ್ರ ಒಂದು ಸಲ ಡಾಂಬರ್ ಬಿಟ್ಟು ಮಣ್ಣಿಗಿಳೀತು. ಒಳಗೆ ಯಾರೂ ಮಾತಾಡಲಿಲ್ಲ. ಅಜ್ಜಿ ಕಣ್ಮುಚ್ಚಿ ಏನೋ ಹೇಳ್ಕೊಳ್ತಿದ್ರು. ಏನೂ ಆಗಲಿಲ್ಲ, ಅಷ್ಟೇ. ಆದ್ರೆ ಏನೂ ಆಗದೇ ಇದ್ದಿದ್ದು ನಮ್ಮ ಬುದ್ಧಿಯಿಂದ ಅಲ್ಲ.

ಮ್ಯಾಪ್ ಸುಳ್ಳು ಹೇಳಿರಲಿಲ್ಲ. ಕಾರಿಗೆ ಅದು ಸರಿಯಾದ ದಾರಿಯೇ. ನನ್ನ ಕೆಳಗಿರೋದು ಆಲ್ಟೋನೋ, ಬಸ್ಸೋ ಅಂತ ಅದಕ್ಕೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ನಾವು ಫೋನ್‌ನಲ್ಲಿ ಬಳಸೋ ಮಾಮೂಲಿ ಮ್ಯಾಪ್‌ನಲ್ಲಿ ಕಾರು, ಬೈಕು ಅಂತ ಇರತ್ತೆ. ಒಂಬತ್ತು ಮೀಟರ್ ಗಾಡಿ ಅಂತ ಒತ್ತೋಕೆ ಬಟನ್ ಇರಲ್ಲ.

ಹಾಗಾದ್ರೆ ದೊಡ್ಡ ಗಾಡಿಗೆ ದಾರಿ ಹುಡುಕೋದು ಹೇಗೆ? ನಾನು ಬಿಕಾಂ ಮಾಡಿದೋನು, ಎಂಜಿನಿಯರ್ ಅಲ್ಲ. ಆದ್ರೆ ಲೆಕ್ಕ ಹಾಕೋದು ಅಭ್ಯಾಸ. ಜೊತೆಗೆ ನಮ್ಮ ಬೀದಿಯಲ್ಲೇ ಒಬ್ಬ ಅಂಕಲ್ ಇದ್ದಾರೆ, ವರ್ಷಗಟ್ಟಲೆ ಮಂಗಳೂರು ಲೈನ್‌ನಲ್ಲಿ ಬಸ್ ಓಡಿಸಿ ರಿಟೈರ್ ಆದೋರು. ಅವರ ಹತ್ರ ಹೋಗಿ ಕೂತೆ.

"ಅಂಕಲ್, ಮರವಂತೆಗೆ ಯಾವ ಘಾಟಿ ಇಳೀಬೇಕು?"

"ಮೊದ್ಲು ಗಾಡಿಯ ವೀಲ್‌ಬೇಸ್ ಎಷ್ಟು ಹೇಳಪ್ಪ" ಅಂದ್ರು.

ವೀಲ್‌ಬೇಸ್ ಅಂದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ. ತಿರುವಿನಲ್ಲಿ ಎಲ್ಲಾ ಆಟ ಇದರದ್ದೇ. ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲೇ ಬರಲ್ಲ, ಒಳಗಡೆ ಕತ್ತರಿಸಿಕೊಂಡು ಬರತ್ತೆ. ಎಷ್ಟು ಒಳಗೆ ಅಂತ ಅಂದಾಜು ಮಾಡೋಕೆ ಒಂದು ಸುಲಭ ಲೆಕ್ಕ ಇದೆ: ವೀಲ್‌ಬೇಸನ್ನ ಅದರಿಂದಲೇ ಗುಣಿಸಿ, ತಿರುವಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. ಹದಿನೇಳು ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವು ಅಂತ ಇಟ್ಕೊಳ್ಳಿ. ಎರಡೂವರೆ ಮೀಟರ್ ವೀಲ್‌ಬೇಸ್ ಇರೋ ಕಾರಿನ ಹಿಂದಿನ ಚಕ್ರ ಹದಿನೆಂಟು ಸೆಂಟಿಮೀಟರ್ ಒಳಗೆ ಬರತ್ತೆ, ಒಂದು ಗೇಣೂ ಇಲ್ಲ. ನಮ್ಮ ಕ್ಯಾರವಾನ್ ವೀಲ್‌ಬೇಸ್ 4.9 ಮೀಟರ್. ಅದರ ಚಕ್ರ ಎಪ್ಪತ್ತು ಸೆಂಟಿಮೀಟರ್ ಒಳಗೆ ಬರತ್ತೆ, ಎರಡಡಿಗೂ ಜಾಸ್ತಿ. ವೀಲ್‌ಬೇಸ್ ಎರಡು ಪಟ್ಟು ಆದ್ರೆ ಇದು ನಾಲ್ಕು ಪಟ್ಟು ಆಗತ್ತೆ. ಬಿಸಿಲೆಯಲ್ಲಿ ಚಕ್ರ ಮಣ್ಣಿಗಿಳಿದಿದ್ದು ಯಾಕೆ ಅಂತ ನನಗೆ ಗೊತ್ತಾಗಿದ್ದು ಆವತ್ತು, ಅಂಕಲ್ ಮನೆ ಜಗಲಿ ಮೇಲೆ.

ಇದಿಷ್ಟೇ ಅಲ್ಲ. ಹಿಂದಿನ ಚಕ್ರದಾಚೆ ಗಾಡಿಯ ಬಾಲ ಇರತ್ತಲ್ಲ, ಅದು ಉಲ್ಟಾ ದಿಕ್ಕಿಗೆ, ಹೊರಗಡೆಗೆ ಬೀಸತ್ತೆ. ಬಲಕ್ಕೆ ತಿರುಗಿದ್ರೆ ಬಾಲ ಎಡಕ್ಕೆ. ಎಡಕ್ಕೆ ತಡೆಗೋಡೆ ಇದ್ರೆ ಉಜ್ಜತ್ತೆ, ಬೈಕ್‌ನವನು ನಿಂತಿದ್ರೆ ಅವನಿಗೆ ತಾಗತ್ತೆ. ಹಾಗಾಗಿ ದೊಡ್ಡ ಗಾಡಿಯವರು ಹೇರ್‌ಪಿನ್‌ನಲ್ಲಿ ಎದುರಿನ ಲೇನ್‌ಗೆ ಹೋಗಿ ತಿರುಗಿಸ್ತಾರೆ. ಕಾರಿನಲ್ಲಿ ಕೂತು ನಾವು ಬೈತೀವಿ. ಅವರಿಗೆ ಬೇರೆ ದಾರಿ ಇಲ್ಲ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ, ನಮ್ಮ ದೇಶದ ರಸ್ತೆಗಳ ಅಳತೆ ನಿಯಮ ಬರೆಯೋದು ಅದೇ. ಅದರ ಪ್ರಕಾರ ಬೆಟ್ಟದ ರಸ್ತೆಯ ಹೇರ್‌ಪಿನ್ ತಿರುವಿನ ಒಳಗಿನ ತ್ರಿಜ್ಯ ಕನಿಷ್ಠ 14 ಮೀಟರ್ ಇರಬೇಕು. ಎರಡು ಲೇನ್‌ನ ಹೆದ್ದಾರಿಯಾದ್ರೆ ತಿರುವಿನ ತುದಿಯಲ್ಲಿ ರಸ್ತೆ ಹನ್ನೊಂದೂವರೆ ಮೀಟರ್ ಅಗಲ ಇರಬೇಕು. ಸಣ್ಣ ಜಿಲ್ಲಾ ರಸ್ತೆಗೆ ಏಳೂವರೆ ಮೀಟರ್ ಸಾಕು. ಈ ವ್ಯತ್ಯಾಸವೇ ನಮ್ಮ ದಾರಿ ತೀರ್ಮಾನ ಮಾಡೋದು. ಆದ್ರೆ ಇದು ಹೊಸದಾಗಿ ಕಟ್ಟೋ ರಸ್ತೆಗೆ ಬರೆದ ನಿಯಮ. ಎತ್ತಿನ ಗಾಡಿ ಕಾಲದಲ್ಲಿ ಮಾಡಿದ ಘಾಟಿಗಳು ಅದನ್ನ ಓದ್ಕೊಂಡು ಕೂತಿಲ್ಲ.

ಈಗ ಘಾಟಿಗಳಿಗೆ ಬರೋಣ. ಆಗುಂಬೆ ಎಲ್ಲರಿಗೂ ಗೊತ್ತು. ತೀರ್ಥಹಳ್ಳಿ ಕಡೆಯಿಂದ ಬಂದು ಸೋಮೇಶ್ವರಕ್ಕೆ ಇಳಿಯೋ ರಾಷ್ಟ್ರೀಯ ಹೆದ್ದಾರಿ 169ಎ. ಮರವಂತೆಗೆ ನೇರ ದಾರಿ, ರೀಲ್ಸ್‌ಗೆ ಬೆಸ್ಟ್. ಆದ್ರೆ 14 ಹೇರ್‌ಪಿನ್ ತಿರುವು, ಒಂದರ ಕೆಳಗೆ ಒಂದು ಮಡಿಸಿಟ್ಟ ಹಾಗೆ. ಭಾರಿ ವಾಹನಕ್ಕೆ ಅಲ್ಲಿ ನಿರ್ಬಂಧ. ಹೆಸರಿಗೆ ಹೆದ್ದಾರಿ ಅಂತ ನಂಬರ್ ಇದ್ದಾಕ್ಷಣ ದೊಡ್ಡ ಗಾಡಿ ಹೋಗತ್ತೆ ಅಂತಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಚಾರ್ಮಾಡಿ, ಅಂದ್ರೆ ಕೊಟ್ಟಿಗೆಹಾರದಿಂದ ಉಜಿರೆಗೆ ಇಳಿಯೋ ಹೆದ್ದಾರಿ 73, ಅದೂ ಕಿರಿದು, ಮಂಜು ಜಾಸ್ತಿ. 2019ರ ಆಗಸ್ಟ್‌ನಲ್ಲಿ ಅಲ್ಲಿ ಒಂದಲ್ಲ, ಹಲವು ಕಡೆ ಗುಡ್ಡ ಕುಸಿದು, ರಸ್ತೆ ಮತ್ತೆ ತೆರೆದ ಮೇಲೂ ದೊಡ್ಡ ಗಾಡಿಗಳನ್ನ ಬಿಡಲಿಲ್ಲ. ಹೊಸಂಗಡಿ ಕಡೆ ಇಳಿಯೋ ಹುಲಿಕಲ್ ಘಾಟಿ ಕಡಿದು. ಬಿಸಿಲೆ ಬಗ್ಗೆ ಇನ್ನು ಹೇಳಲ್ಲ.

ಉಳಿದಿದ್ದು ಮೂರು. ಶಿರಾಡಿ, ಸಂಪಾಜೆ, ಗೇರುಸೊಪ್ಪ.

ಶಿರಾಡಿ ವಿಷಯದಲ್ಲಿ ನಮಗೊಂದು ತಮಾಷೆಯ ಸಂಗತಿ ಇದೆ. ಕೆಆರ್ ಪುರಂ ತೂಗುಸೇತುವೆ ದಾಟಿ ಹೊಸಕೋಟೆ ಕಡೆ ಹೋಗ್ತೀವಲ್ಲ, ಆ ರಸ್ತೆಯ ನಂಬರ್ 75. ಶಿರಾಡಿ ಘಾಟಿ ಇಳಿಯೋ ರಸ್ತೆಯ ನಂಬರೂ 75. ಬಂಟ್ವಾಳದಲ್ಲಿ ಶುರುವಾಗಿ ಸಕಲೇಶಪುರ, ಹಾಸನ, ನೆಲಮಂಗಲ, ಬೆಂಗಳೂರು ದಾಟಿ, ಕೋಲಾರ, ಮುಳಬಾಗಿಲು ಮೇಲೆ ವೆಲ್ಲೂರಿಗೆ ಹೋಗೋದು ಒಂದೇ ಹೆದ್ದಾರಿ. ಅಂದ್ರೆ ನಮ್ಮ ಏರಿಯಾದ ಜನ ದಿನಾ ಬೈಕೊಂಡು ಓಡಾಡೋ ರಸ್ತೆಯ ಇನ್ನೊಂದು ತುದಿಯೇ ಆ ಘಾಟಿ. ಬಂದರಿನಿಂದ ಟ್ಯಾಂಕರ್, ಕಂಟೇನರ್ ಎಲ್ಲಾ ಅದರ ಮೇಲೆಯೇ ಬರೋದು. ಅದಕ್ಕೇ 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದ್ರು. ತಿರುವುಗಳು ಇವೆ, ಆದ್ರೆ ಆಗುಂಬೆ ಥರ ಮಡಿಕೆ ಮಡಿಕೆಯಾಗಿಲ್ಲ, ಉದ್ದಕ್ಕೆ ಬಿಡಿಸಿಟ್ಟ ಹಾಗಿವೆ.

ಸಂಪಾಜೆ ಅಂದ್ರೆ ಮೈಸೂರು, ಮಡಿಕೇರಿ, ಸುಳ್ಯ ದಾರಿ, ಹೆದ್ದಾರಿ 275. ಇಳಿಜಾರು ಸೌಮ್ಯ, ಆದ್ರೆ ಮರವಂತೆಗೆ ಸುತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತದಲ್ಲಿ ಇದೇ ರಸ್ತೆ ಕೊಚ್ಚಿಹೋಗಿತ್ತು. ಗೇರುಸೊಪ್ಪ ಅಂದ್ರೆ ಶಿವಮೊಗ್ಗ, ಸಾಗರ, ತಾಳಗುಪ್ಪ ಮೇಲೆ ಹೊನ್ನಾವರಕ್ಕೆ ಇಳಿಯೋದು, ಹಳೇ 206, ಈಗ 69. ಅಲ್ಲಿಂದ ಭಟ್ಕಳ ಮೇಲೆ ದಕ್ಷಿಣಕ್ಕೆ ಬಂದ್ರೆ ಮರವಂತೆ. ಜೋಗ ಪಕ್ಕದಲ್ಲೇ ಸಿಗತ್ತೆ. ನಿಜ ಹೇಳ್ಬೇಕಂದ್ರೆ ನನ್ನ ಮನಸ್ಸು ಈ ಕಡೆಗೇ ಇತ್ತು.

ಅಂಕಲ್ ಒಂದು ಟ್ರಿಕ್ ಹೇಳಿಕೊಟ್ರು, ಇದನ್ನ ನೀವು ಕೂತಲ್ಲೇ ಮಾಡಬಹುದು. ಬಸ್ ಬುಕಿಂಗ್ ಆ್ಯಪ್ ತೆಗೀರಿ. ಬೆಂಗಳೂರು ಟು ಮಂಗಳೂರು ಹಾಕಿ. ದೊಡ್ಡ ಮಲ್ಟಿ ಆ್ಯಕ್ಸಲ್ ಸ್ಲೀಪರ್ ಬಸ್ಸುಗಳು ಯಾವ ಊರಿನ ಮೇಲೆ ಹೋಗ್ತವೆ, ಎಲ್ಲೆಲ್ಲಿ ನಿಲ್ಲಿಸ್ತವೆ ನೋಡಿ. "ನಮ್ಮ ಡಿಪಾರ್ಟ್‌ಮೆಂಟ್‌ನೋರು ಒಂದು ರೂಟಿಗೆ ಹನ್ನೆರಡು ಮೀಟರ್ ಗಾಡಿ ಹಾಕಿದಾರೆ ಅಂದ್ರೆ, ಅಲ್ಲಿ ಯಾರೋ ಮೊದ್ಲೇ ಬೈಸ್ಕೊಂಡು, ಉಜ್ಜಿಸ್ಕೊಂಡು, ಅಳತೆ ಮಾಡಿ ಆಗಿದೆ ಅಂತ ಅರ್ಥ. ಆಗುಂಬೆಯಲ್ಲಿ ಯಾವ ಬಸ್ ಓಡತ್ತೆ ನೋಡು. ಮಿನಿ ಬಸ್ಸು. ಯಾಕೆ ಅಂತ ಯೋಚ್ನೆ ಮಾಡು." ಇಷ್ಟು ಸರಳವಾದದ್ದು ನನಗೆ ಹೊಳೆದಿರಲೇ ಇಲ್ಲ.

ಅಗಲ ಆಯ್ತು, ಇನ್ನು ಇಳಿಜಾರು. ಇದನ್ನ ದಯವಿಟ್ಟು ಗಮನ ಕೊಟ್ಟು ಕೇಳಿ, ಯಾಕಂದ್ರೆ ಘಾಟಿಯಲ್ಲಿ ದೊಡ್ಡ ಗಾಡಿಗೆ ದೊಡ್ಡ ಅಪಾಯ ತಿರುವಿಗಿಂತ ಬ್ರೇಕ್‌ದು. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಕೆಳಗೆ ಗುಂಡ್ಯಕ್ಕೆ ಬರೋ ಹೊತ್ತಿಗೆ ನಾವು ಎಂಟುನೂರು ಮೀಟರ್ ಹತ್ತಿರ ಇಳಿದಿರ್ತೀವಿ. ಏಳು ಸಾವಿರದ ನಾನೂರು ಕಿಲೋ ಗಾಡಿ ಎಂಟುನೂರು ಮೀಟರ್ ಇಳಿದಾಗ ಬಿಡುಗಡೆಯಾಗೋ ಶಕ್ತಿ ಐವತ್ತೆಂಟು ಮೆಗಾಜೂಲ್. ನನಗೂ ಇದು ಅರ್ಥ ಆಗಿರಲಿಲ್ಲ, ಹಾಗಾಗಿ ನೀರಿಗೆ ಪರಿವರ್ತಿಸಿದೆ. ನೂರೆಂಬತ್ತು ಲೀಟರ್ ತಣ್ಣೀರನ್ನ ಕುದಿಯೋ ಮಟ್ಟಕ್ಕೆ ತರುವಷ್ಟು ಶಾಖ. ನಮ್ಮ ಮನೆಯಲ್ಲಿರೋದು ಹದಿನೈದು ಲೀಟರ್ ಗೀಸರ್. ಅಂಥ ಹನ್ನೆರಡು ಗೀಸರ್ ನೀರು ಕುದೀಬೇಕು. ಸ್ವಲ್ಪ ಗಾಳಿಗೆ ಹೋಗತ್ತೆ, ಸ್ವಲ್ಪ ಎಂಜಿನ್ ತಗೊಳ್ಳತ್ತೆ. ಉಳಿದಿದ್ದೆಲ್ಲಾ ಹೋಗೋದು ಬ್ರೇಕ್ ಡ್ರಮ್‌ಗಳಿಗೆ. ಡ್ರೈವರ್ ಮೇಲಿನ ಗೇರ್‌ನಲ್ಲಿ ಬಿಟ್ಕೊಂಡು ಬ್ರೇಕ್ ಮೇಲೇ ಕಾಲಿಟ್ಟು ಇಳಿಸಿದ್ರೆ ಎಂಜಿನ್ ತಗೊಳ್ಳೋ ಪಾಲು ತೀರಾ ಕಮ್ಮಿ. ಬ್ರೇಕ್ ಕಾದು ಸುಟ್ಟ ವಾಸನೆ ಬರತ್ತೆ. ಆಮೇಲೆ ಪೆಡಲ್ ಒತ್ತಿದ್ರೂ ಹಿಡಿಯಲ್ಲ.

ಹಳೇ ಡ್ರೈವರ್‌ಗಳ ಲೆಕ್ಕ ಏನಂದ್ರೆ, ಯಾವ ಗೇರ್‌ನಲ್ಲಿ ಹತ್ತುತ್ತಿದ್ಯೋ ಅದೇ ಗೇರ್‌ನಲ್ಲಿ ಇಳಿ. ಗೇರನ್ನ ಇಳಿಜಾರು ಶುರುವಾಗೋ ಮುಂಚೆಯೇ ಹಾಕಬೇಕು, ಮಧ್ಯದಲ್ಲಿ ಅಲ್ಲ. ಗಾಡಿಗೆ ಎಕ್ಸಾಸ್ಟ್ ಬ್ರೇಕ್ ಇದ್ಯಾ, ಕೆಲಸ ಮಾಡತ್ತಾ ಅಂತ ಬಾಡಿಗೆ ಮಾತಾಡುವಾಗಲೇ ಕೇಳಿ. ನಾನು ಕೇಳಿದೆ. ಫೋನಿನ ಆ ಕಡೆಯಿಂದ "ಸರ್, ಒಳಗೆ ಮೈಕ್ರೋವೇವ್ ಇದೆ" ಅಂದ್ರು. ಮತ್ತೆ ಕೇಳಿದೆ.

ಕ್ಯಾರವಾನ್‌ಗೆ ಮಾತ್ರ ಇರೋ ಇನ್ನೊಂದು ತಲೆನೋವು ನೀರಿನ ಟ್ಯಾಂಕ್. ಮುನ್ನೂರು ಲೀಟರ್ ಅಂದ್ರೆ ಮುನ್ನೂರು ಕಿಲೋ. ಟ್ಯಾಂಕ್ ಅರ್ಧ ತುಂಬಿದ್ರೆ ತಿರುವಿನಲ್ಲಿ ಆ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ನುಗ್ಗತ್ತೆ, ಗಾಡಿ ಓಲಾಡತ್ತೆ. ಒಂದೋ ಪೂರ್ತಿ ತುಂಬಿಸಿ, ಇಲ್ಲಾ ಖಾಲಿ ಮಾಡಿ. ನಾವು ಘಾಟಿಗೆ ಮುಂಚೆ ಹತ್ತು ಹದಿನೈದು ಲೀಟರ್ ಬಿಟ್ಟು ಉಳಿದಿದ್ದು ಖಾಲಿ ಮಾಡ್ತೀವಿ, ಕೆಳಗೆ ತುಂಬಿಸ್ಕೊಳ್ತೀವಿ. ಕುಕ್ಕರ್, ಬ್ಯಾಗು, ಅಜ್ಜಿಯ ಉಪ್ಪಿನಕಾಯಿ ಜಾಡಿ ಎಲ್ಲಾ ನೆಲದ ಮಟ್ಟದಲ್ಲಿ ಕಟ್ಟಬೇಕು. ಗಾಡಿ ಓಡುವಾಗ ಬೆಡ್ ಮೇಲೆ ಯಾರೂ ಮಲಗಬಾರದು. ಅಜ್ಜಿಯೂ ಸೀಟ್ ಬೆಲ್ಟ್ ಹಾಕ್ಕೊಂಡೇ ಕೂರಬೇಕು. ಈ ಮಾತಿಗೆ ಮನೆಯಲ್ಲಿ ಇನ್ನೂ ಜಗಳ ನಡೀತಿದೆ.

ಕಾಗದಪತ್ರದ ವಿಷಯ ಚುಟುಕಾಗಿ. ಆರ್‌ಸಿ ಕಾರ್ಡ್‌ನಲ್ಲಿ ಒಟ್ಟು ತೂಕ ಎಷ್ಟು ಬರೆದಿದೆ ನೋಡಿ. 7,500 ಕಿಲೋ ಒಳಗಿದ್ರೆ ಅದು ಕಾನೂನಿನ ಲೆಕ್ಕದಲ್ಲಿ ಲಘು ವಾಹನ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸ್ ಇದ್ದೋರು ಈ ತೂಕದೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಅಂತ ಹೇಳಿದೆ. ಓಡಿಸಬಹುದು ಅನ್ನೋದು ಬೇರೆ, ಘಾಟಿ ಇಳಿಸೋಕೆ ಬರತ್ತೆ ಅನ್ನೋದು ಬೇರೆ. ನಮ್ಮ ಚಿಕ್ಕಪ್ಪನ ಮಗನಿಗೆ ಇದನ್ನ ಎರಡು ಸಲ ಹೇಳಿದೀನಿ. ಘಾಟಿ ನಿರ್ಬಂಧಗಳು ಜಿಲ್ಲಾಧಿಕಾರಿಗಳ ಆದೇಶದಿಂದ ಬರ್ತವೆ, ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡತ್ತೆ. ಮಳೆಗಾಲದಲ್ಲಿ ಈ ಆದೇಶ ವಾರದಿಂದ ವಾರಕ್ಕೆ ಬದಲಾಗಬಹುದು. ಕೆಲವು ಆದೇಶದಲ್ಲಿ ತೂಕ ಹೇಳ್ತಾರೆ, ಕೆಲವದರಲ್ಲಿ ಗಾಡಿ ಬಗೆ ಹೇಳ್ತಾರೆ. "ಭಾರಿ ವಾಹನ ನಿಷೇಧ" ಅನ್ನೋ ಹೆಡ್‌ಲೈನ್ ಓದಿ ಬಿಡಬೇಡಿ, ಒಳಗೆ ಏನಿದೆ ನೋಡಿ. ಎರಡೂ ಜಿಲ್ಲೆಯದ್ದು ನೋಡಿ, ಯಾಕಂದ್ರೆ ಘಾಟಿಯ ತಲೆ ಒಂದು ಜಿಲ್ಲೆಯಲ್ಲಿ, ಕಾಲು ಇನ್ನೊಂದು ಜಿಲ್ಲೆಯಲ್ಲಿ ಇರತ್ತೆ. ಇನ್ನೊಂದು ನಿಯಮ ಬಹಳ ಜನಕ್ಕೆ ಗೊತ್ತಿಲ್ಲ: ಇಬ್ಬರು ಹೋಗೋಕೆ ಜಾಗ ಇಲ್ಲದ ಬೆಟ್ಟದ ರಸ್ತೆಯಲ್ಲಿ ಹತ್ತುತ್ತಾ ಬರೋರಿಗೆ ಮೊದಲ ಹಕ್ಕು. ಇಳಿಯೋರು ನಿಲ್ಲಬೇಕು.

ಮಳೆಗಾಲದ ಮಾತು ಬಂತು. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದಿದ್ದು ನಿಮಗೆ ನೆನಪಿರತ್ತೆ. ಅದು ಘಾಟಿ ಅಲ್ಲ. ಸಮತಟ್ಟಾದ ಕರಾವಳಿ ಹೆದ್ದಾರಿ 66. ಟೀ ಅಂಗಡಿ, ನಿಂತಿದ್ದ ಗಾಡಿಗಳು ಗಂಗಾವಳಿ ನದಿಗೆ ಹೋದವು. ಲಾರಿಯೊಂದು ನದಿಯಿಂದ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಅದೇ ಜುಲೈನಲ್ಲಿ ಶಿರಾಡಿಯ ದೊಡ್ಡತಪ್ಪಲು ಹತ್ತಿರವೂ ಮಣ್ಣು ಜಾರಿ ರಸ್ತೆ ಬಂದ್ ಆಗಿತ್ತು. ರಸ್ತೆ ಅಗಲ ಮಾಡೋಕೆ ಗುಡ್ಡದ ಬುಡವನ್ನ ನೆಟ್ಟಗೆ ಕತ್ತರಿಸಿದ್ರೆ, ಮೇಲಿನ ಮಣ್ಣು ನೀರು ಕುಡಿದು ಭಾರವಾದಾಗ ಅದಕ್ಕೆ ಕೆಳಗೆ ಆಸರೆ ಇರಲ್ಲ. ಅಂದ್ರೆ ಅಗಲವಾದ ರಸ್ತೆ ದೊಡ್ಡ ಗಾಡಿಗೆ ತಿರುಗೋಕೆ ಸುಲಭ, ಆದ್ರೆ ಅಗಲ ಮಾಡಿದ ಜಾಗವೇ ಮಳೆಯಲ್ಲಿ ಅಪಾಯದ ಜಾಗ. ಕ್ಯಾರವಾನ್‌ನೋರು ನೋಟ ಚೆನ್ನಾಗಿದೆ ಅಂತ ಎಲ್ಲಿ ಬೇಕೋ ಅಲ್ಲಿ ಸೈಡಿಗೆ ಹಾಕಿ ಟೀ ಮಾಡ್ತಾರೆ. ಮೇಲೆ ಕೆಂಪು ಮಣ್ಣಿನ ಗೋಡೆ ಇದ್ರೆ ಅಲ್ಲಿ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾವಂತೂ ಈ ಟ್ರಿಪ್ ಮಾಡ್ತಿಲ್ಲ. ಅಜ್ಜಿ ಹುಟ್ಟಿದ ತಿಂಗಳು ಆಷಾಢ. ಹುಟ್ಟುಹಬ್ಬ ಡಿಸೆಂಬರ್‌ಗೆ ಹೋಗಿದೆ.

ಘಾಟಿ ತನಕ ಹೋಗೋ ಮುಂಚೆ ಬೆಂಗಳೂರಿನಿಂದ ಹೊರಗೆ ಬೀಳ್ಬೇಕಲ್ಲ. 3.4 ಮೀಟರ್ ಎತ್ತರದ ಗಾಡಿ ಹಲಸೂರಿನ ಒಳ ಬೀದಿಗೆ ಬರಲ್ಲ, ಕೇಬಲ್ ವೈರ್ ಎಲ್ಲಾ ಕಿತ್ಕೊಂಡು ಹೋಗತ್ತೆ. ಶಿವಾಜಿನಗರ ದಾಟಿ ಕಂಟೋನ್ಮೆಂಟ್ ಕಡೆ ಹೋದ್ರೆ ರೈಲ್ವೆ ಅಂಡರ್‌ಬ್ರಿಡ್ಜ್‌ಗಳು. ಅಂಡರ್‌ಪಾಸ್ ಅಂದ್ರೆ ಎತ್ತರದ ಸಮಸ್ಯೆ ಮಾತ್ರ ಅಲ್ಲ. 2023ರ ಮೇ 21ರಂದು ಕೆಆರ್ ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆ ನೀರಿಗೆ ಕಾರು ಸಿಕ್ಕಿಹಾಕಿಕೊಂಡು 22 ವರ್ಷದ ಯುವತಿ ತೀರಿಹೋದಳು, ವಿಧಾನಸೌಧದಿಂದ ಕೂಗಳತೆ ದೂರದಲ್ಲಿ. ಹಾಗಾಗಿ ಪ್ಲಾನ್ ಹೀಗೆ: ಗಾಡಿ ಕೆಆರ್ ಪುರಂ ಆಚೆಯೇ ನಿಂತಿರತ್ತೆ. ಬೆಳಗ್ಗೆ ನಾಲ್ಕಕ್ಕೆ ನಾವು ಹಲಸೂರಿನಿಂದ ಆಟೋಗಳಲ್ಲಿ ಅಲ್ಲಿಗೆ ಹೋಗ್ತೀವಿ.

ಇಲ್ಲಿ ನನ್ನ ಗೇರುಸೊಪ್ಪ ಆಸೆಗೆ ಒಂದು ಒಳ್ಳೆ ಕಾರಣ ಇತ್ತು. ಹೊಸಕೋಟೆಯಿಂದ ದೇವನಹಳ್ಳಿ, ದೊಡ್ಡಬಳ್ಳಾಪುರ ಮೇಲೆ ದಾಬಸ್‌ಪೇಟೆಗೆ ಸ್ಯಾಟಲೈಟ್ ರಿಂಗ್ ರೋಡ್ 2024ರ ಮಾರ್ಚ್‌ನಲ್ಲಿ ಉದ್ಘಾಟನೆ ಆಗಿದೆ, ಸುಮಾರು 80 ಕಿಲೋಮೀಟರ್. ಪೂರ್ವ ಬೆಂಗಳೂರಿನೋರಿಗೆ ಹೆಬ್ಬಾಳ, ಗೊರಗುಂಟೆಪಾಳ್ಯ ಯಾವುದೂ ಮುಟ್ಟದೆ ತುಮಕೂರು ರಸ್ತೆ ಸಿಗತ್ತೆ. ಶಿವಮೊಗ್ಗಕ್ಕೆ ಹೋಗೋರಿಗೆ ಇದು ವರ. ಆದ್ರೆ ಹಾಸನ ರಸ್ತೆ ಒಡೆಯೋದು ನೆಲಮಂಗಲದಲ್ಲಿ, ದಾಬಸ್‌ಪೇಟೆಯಿಂದ ಅಲ್ಲಿಗೆ ಬೆಂಗಳೂರು ಕಡೆಗೇ ವಾಪಸ್ ಬರಬೇಕು. ಶಿರಾಡಿಗೆ ಹೋಗೋದಾದ್ರೆ ಬೆಳಗ್ಗೆ ನಾಲ್ಕೂವರೆಗೆ ಔಟರ್ ರಿಂಗ್ ರೋಡ್ ಹಿಡಿದು ಹೆಬ್ಬಾಳದ ಮೇಲೆ ಹೋಗೋದೇ ಸರಿ. ಆ ಹೊತ್ತಿಗೆ ಸಿಲ್ಕ್ ಬೋರ್ಡ್‌ನೂ ಪ್ರೀತಿಸಬಹುದು, ಹೆಬ್ಬಾಳ ಏನು.

ಕೊನೆಗೆ ಯಾವುದು? ಶಿರಾಡಿ. ಕಾರಣ ರಸ್ತೆ ಅಲ್ಲ, ಅಜ್ಜಿ. ದಾರಿಯಲ್ಲಿ ಏನಾದ್ರೂ ಆದ್ರೆ ಹಾಸನದಲ್ಲಿ ದೊಡ್ಡಾಸ್ಪತ್ರೆ, ಇಳಿದ ಮೇಲೆ ಮಂಗಳೂರು. ಸಾಗರ ದಾಟಿ ಹೊನ್ನಾವರದ ತನಕ ಕಾಡಿನ ನಡುವೆ ಅಷ್ಟು ಧೈರ್ಯ ನನಗೆ ಬರಲಿಲ್ಲ. ನಾಲ್ಕೂವರೆಗೆ ಹೊರಟ್ರೆ ಸಕಲೇಶಪುರಕ್ಕೆ 220 ಕಿಲೋಮೀಟರ್, ಅಜ್ಜಿಯ ಬ್ರೇಕ್‌ಗಳೂ ಸೇರಿ ಹತ್ತು ಗಂಟೆ. ಅಲ್ಲಿ ಅರ್ಧ ಗಂಟೆ ನಿಲ್ಲಿಸಿ ಡ್ರೈವರಣ್ಣನಿಗೆ ತಿಂಡಿ, ಟೈರು, ಬ್ರೇಕು ಒಂದು ಕಣ್ಣು. ಹಗಲು ಬೆಳಕಿನಲ್ಲಿ ಘಾಟಿ ಇಳಿದು ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡ್, ಆಮೇಲೆ 66 ಹಿಡಿದು ಉಡುಪಿ, ಕುಂದಾಪುರ. ಆಗುಂಬೆ ಮೇಲೆ ಹೋಗೋದಕ್ಕಿಂತ ಸುತ್ತು, ಗೊತ್ತು.

ಚಿಕ್ಕಪ್ಪನ ಮಗ ಆಗುಂಬೆ ರೀಲ್ ಬೇಕೇ ಬೇಕು ಅಂತ ಹಠ ಹಿಡಿದಿದ್ದ. ಅವನಿಗೂ ದಾರಿ ಹುಡುಕಿದೀನಿ. ವಾಪಸ್ ಬರುವಾಗ ಕ್ಯಾರವಾನ್ ಉಡುಪಿಯಲ್ಲೇ ನಿಲ್ಲತ್ತೆ. ಅವನು ಅಲ್ಲಿಂದ ಮಿನಿ ಬಸ್ ಹತ್ತಿ ಆಗುಂಬೆಗೆ ಹೋಗಿ, ಹದಿನಾಲ್ಕೂ ತಿರುವನ್ನ ಕಿಟಕಿ ಸೀಟಿಂದ ಶೂಟ್ ಮಾಡ್ಕೊಂಡು ಬರಲಿ. ಟಿಕೆಟ್ ದುಡ್ಡು ನಂದು. ಬಿಸಿಲೆ ಆಗಲೂ ಮುಂದಿನ ಸೀಟಲ್ಲಿ ಕೂತಿದ್ದು ನಾನೇ ತಾನೇ.